ಬೀಳುವ ಮುನ್ನ ನಿಂತವನು

"ಮಾಸ್ಟ್ರೇ, ಒಬ್ಬರದ್ದು ನೋಡಿ ಕಲಿತ್ರೆ ಅದು ಕಲಿಯೋದಾ, ಕದಿಯೋದಾ?" ಎಂದು ಪಾಲಾಕ್ಷ ಕೇಳಿದ.

ಕೇಳಿದ್ದು ರುದ್ರಮುನಿ ಮಾಸ್ಟರನ್ನು. ಅವರು ಊರಿನ ಹಳೆಯ ಹತ್ತಿ ಗೋದಾಮಿನಲ್ಲಿ ಹಿಪ್ ಹಾಪ್ ಕಲಿಸುತ್ತಾರೆ. ತರಗತಿಗೆ ಮುಂಚೆ ನೆಲ ಒರೆಸುವ ಕೆಲಸವನ್ನು ಇನ್ನೊಬ್ಬರಿಗೆ ಬಿಡುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಶಿಷ್ಯರಿಗೆ ಆ ನೆಪವೂ ಸಿಗಬಾರದು ಎನ್ನುತ್ತಾರೆ. ಪಾಲಾಕ್ಷ ಕೇಳಿದಾಗಲೂ ಅವರು ಸಂಜೆಯ ತರಗತಿಗೆಂದು ಮೊಣಕಾಲೂರಿ ನೆಲ ಒರೆಸುತ್ತಿದ್ದರು.

ಪಾಲಾಕ್ಷ ಬಹಳ ದಿನಗಳಿಂದ ಒಬ್ಬ ಹೆಸರಾಂತ ಹಿಪ್ ಹಾಪ್ ನರ್ತಕನ ವಿಡಿಯೋಗಳನ್ನು ನೋಡಿ ನೋಡಿ ಅಭ್ಯಾಸ ಮಾಡಿದ್ದ. ಕೈ, ಕಾಲು, ಕತ್ತು ಎಲ್ಲವೂ ಅವನ ಹಾಗೆಯೇ ಆಗಿದ್ದವು. ನಿಲ್ಲುವುದೂ ಅವನ ಹಾಗೆಯೇ. ಆ ಬೆಳಿಗ್ಗೆ ಗೋದಾಮಿನಲ್ಲಿ ಅವನು ಕುಣಿದು ಮುಗಿಸಿದಾಗ ಜೊತೆಯವರು ಅವನಿಗೆ ಕಚ್ಚುವ ಸನ್ನೆ ತೋರಿಸಿದರು. ಎರಡು ಮುಂಗೈಗಳನ್ನು ಒಂದರ ಮೇಲೊಂದು ಚಾಚಿ, ನಾಯಿಯ ದವಡೆಯ ಹಾಗೆ ತೆರೆದು ಬಡಿಯುವುದೇ ಆ ಸನ್ನೆ. ನೀನು ಇನ್ನೊಬ್ಬನ ಹೆಜ್ಜೆಯನ್ನು ಕಚ್ಚಿಕೊಂಡು ಬಂದಿದ್ದೀಯೆ ಎಂದು ಅದರ ಅರ್ಥ. ಭಾನುವಾರ ಊರಿನಲ್ಲಿ ನರ್ತಕರೆಲ್ಲ ವೃತ್ತ ಕಟ್ಟಿ, ಒಬ್ಬೊಬ್ಬರಾಗಿ ನಡುವೆ ಕುಣಿಯುವವರಿದ್ದರು. ಪಾಲಾಕ್ಷ ಮೊದಲ ಬಾರಿಗೆ ಅದರೊಳಗೆ ಇಳಿಯಬೇಕಿತ್ತು. ಅಲ್ಲಿಯೂ ಅದೇ ಸನ್ನೆ ಎದ್ದರೆ ಆಮೇಲೆ ಯಾವ ವೃತ್ತದಲ್ಲೂ ಅವನಿಗೆ ಮರ್ಯಾದೆ ಇರುವುದಿಲ್ಲ.

"ಕಚ್ಚೋ ಸನ್ನೆ ಯಾರು ತೋರ್ಸಿದ್ದು?" ಎಂದರು ಮಾಸ್ಟರು, ತಲೆ ಎತ್ತದೆ.

"ಎಲ್ಲಾರೂ ತೋರ್ಸಿದ್ರು. ಸುಮ್ನೆ ತಮಾಷೆಗೆ ಮಾಸ್ಟ್ರೇ."

"ತಮಾಷೆ ಆಗಿದ್ರೆ ನೀನೂ ನಕ್ಕು ಬಿಡ್ಬೇಕಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕಪ್ಪ ಮುಟ್ಟಿ ನೋಡ್ಕೊಂಡೆ?"

 ಮಾಸ್ಟರು ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ ಬಾಗಿಲ ಮೇಲೆ ಹರವಿದರು. ಆಮೇಲೆ ಹೊಸ್ತಿಲ ಮೇಲೆ ಕುಳಿತು, ಅವನನ್ನೂ ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನ ಹಿಟ್ಟಿನ ಗಿರಣಿಯಲ್ಲಿ ಒಬ್ಬ ಯುವಕ ಕೆಲಸಕ್ಕಿದ್ದ. ಜೋಳ, ರಾಗಿ, ಗೋಧಿ ಬೀಸುವುದು ಅವನ ಕೆಲಸ. ಕುಣಿಯುವುದು ಅವನ ಆಸೆ. ಕಲಿಸುವ ಗುರು ಮಾತ್ರ ಇರಲಿಲ್ಲ. ಹಿಪ್ ಹಾಪ್ ಎಂದರೆ ಬೇಕರಿಯಲ್ಲಿ ಸಿಗುವ ಯಾವುದೋ ಹೊಸ ತಿಂಡಿ ಇರಬೇಕು ಎಂದುಕೊಂಡವರೇ ಆ ಊರಿನಲ್ಲಿ ಹೆಚ್ಚು.

ಆಗ ಎಲ್ಲರ ಫೋನಿಗೂ ಈಗಿನ ಹಾಗೆ ನೆಟ್ ಇರಲಿಲ್ಲ. ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ಕೊಡಬೇಕು. ಅಂಗಡಿಯವನು ತನ್ನ ಕಂಪ್ಯೂಟರಿನಲ್ಲಿದ್ದ ಹಾಡು, ಸಿನಿಮಾ, ಕುಣಿತ ಎಲ್ಲವನ್ನೂ ಅದಕ್ಕೆ ತುಂಬಿ ಕೊಡುತ್ತಿದ್ದ. ನಮಗೆ ಬೇಕಾದ್ದು ಅದರಲ್ಲಿ ಎಷ್ಟಿತ್ತೋ, ಬೇಡವಾದದ್ದು ಅದಕ್ಕಿಂತ ಹೆಚ್ಚು ಇರುತ್ತಿತ್ತು. ಯುವಕನೂ ಹಾಗೆ ತುಂಬಿಸಿಕೊಂಡು ಬಂದ. ಆ ರಾಶಿಯ ನಡುವೆ ಒಬ್ಬ ನರ್ತಕನ ವಿಡಿಯೋ ಇತ್ತು.

ಆ ನರ್ತಕ ಮೂಗು, ಬಾಯಿ ಮುಚ್ಚುವಂತೆ ಟವೆಲು ಕಟ್ಟಿದ್ದ. ಕಣ್ಣು ಬಿಟ್ಟರೆ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಹೆಸರಿಲ್ಲ, ಊರಿಲ್ಲ. ಹಿಂದೆ ಮಸಿ ಹಿಡಿದ ಒಂದು ಗೋಡೆ, ಮುಂದೆ ಅವನೊಬ್ಬನೇ. ಅವನ ದೇಹದಲ್ಲಿ ಒಂದೊಂದು ಕೀಲೂ ಬೇರೆ ಬೇರೆಯಾಗಿ ಕುಣಿಯುತ್ತಿತ್ತು. ಮಣಿಕಟ್ಟು ಅಲುಗಿದರೆ ಭುಜ ಸುಮ್ಮನಿರುತ್ತಿತ್ತು. ಭುಜ ಎದ್ದರೆ ಕತ್ತು ತನಗೆ ಸಂಬಂಧವೇ ಇಲ್ಲ ಎನ್ನುವಂತೆ ನಿಂತಿರುತ್ತಿತ್ತು. ಯುವಕ ನೋಡಿದ. ಇನ್ನೊಮ್ಮೆ ನೋಡಿದ. ಇದನ್ನು ಕಲಿಯದೆ ನಾನು ಸಾಯುವುದಿಲ್ಲ ಎಂದುಕೊಂಡ.

ನೀವು ಈಗಿನವರು ಒಂದನ್ನು ನೋಡುವಷ್ಟರಲ್ಲಿ ಹತ್ತನ್ನು ದಾಟಿಸುತ್ತೀರಿ. ಅವನಿಗೆ ಇದ್ದದ್ದು ಅದೊಂದೇ. ಕರೆಂಟ್ ಹೋಗಿ ಗಿರಣಿಯ ಬೆಲ್ಟು ನಿಂತಾಗ ಹಿಟ್ಟಿಗೆ ಕಾದಿದ್ದವರೆಲ್ಲ ಕರೆಂಟಿನವರನ್ನು ಬೈಯುತ್ತಿದ್ದರು. ಇವನೊಬ್ಬ ಒಳಗೊಳಗೇ ಹಿಗ್ಗುತ್ತಿದ್ದ. ಫೋನನ್ನು ರಾಗಿ ಚೀಲಕ್ಕೆ ಆನಿಸಿಟ್ಟು ಅದರ ಮುಂದೆ ನಿಲ್ಲುತ್ತಿದ್ದ. ನೆಲದ ಮೇಲೆ ಹಿಟ್ಟಿನ ಪುಡಿ ಕೂತಿರುತ್ತಿತ್ತು. ಅದರ ಮೇಲೆ ಮೂಡಿದ ತನ್ನ ಹೆಜ್ಜೆಯ ಗುರುತು ನೋಡಿ, ಎಲ್ಲಿ ತಪ್ಪಿದೆ ಎಂದು ತಾನೇ ತಿದ್ದಿಕೊಳ್ಳುತ್ತಿದ್ದ. ಗುರುವಿಲ್ಲದವನಿಗೆ ಹಿಟ್ಟೂ ಗುರುವಾಗುತ್ತದೆ. ನಿಮಗೆ ನಾನಿದ್ದೇನೆ, ಆದರೂ ನೀವು ಕೆಳಗೆ ನೋಡುವುದಿಲ್ಲ.

ಒಂದೊಂದೇ ಬಂತು. ಮಣಿಕಟ್ಟು ಬಂತು, ಕತ್ತು ಬಂತು. ತಿರುಗುವ ಮುನ್ನ ಆ ನರ್ತಕನ ಭುಜ ಒಂದು ಚೂರು ಇಳಿಯುತ್ತಿತ್ತು, ಭಾರ ಹೊತ್ತು ರೂಢಿಯಾದವರ ಭುಜ ಇಳಿಯುವ ಹಾಗೆ. ಅಷ್ಟನ್ನು ತನ್ನ ಭುಜಕ್ಕೆ ತಂದುಕೊಳ್ಳಲು ಯುವಕನಿಗೆ ಒಂದು ಮಳೆಗಾಲವೇ ಹಿಡಿಯಿತು. ಅದೂ ಬಂತು. ಒಂದು ಮಾತ್ರ ಬರಲಿಲ್ಲ.

ವಿಡಿಯೋದ ಕೊನೆಯ ಹತ್ತಿರ ಆ ನರ್ತಕ ಹಿಂದಕ್ಕೆ ಬೀಳುತ್ತಿದ್ದ. ಬೆನ್ನು ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ನಿಂತುಬಿಡುತ್ತಿದ್ದ. ಕೈ ಊರಿಲ್ಲ, ಇನ್ನೊಂದು ಕಾಲಿನ ಆಸರೆಯಿಲ್ಲ. ಒಂದೇ ಹಿಮ್ಮಡಿಯ ಮೇಲೆ ಇಡೀ ದೇಹ ಗಾಳಿಯಲ್ಲಿ. ಹಾಡು ಮುಂದೆ ಹೋಗುತ್ತಿತ್ತು, ಅವನು ಅಲ್ಲೇ ಇರುತ್ತಿದ್ದ. ಒಂದು ಉಸಿರು ಒಳಗೆಳೆದು ಬಿಡುವಷ್ಟು ಹೊತ್ತು. ಆಮೇಲೆ ಕಣ್ಣು ಮಿಟುಕಿಸುವುದರೊಳಗೆ ನೆಟ್ಟಗೆ ಎದ್ದು ಇನ್ನೊಂದು ದಿಕ್ಕಿಗೆ ಮುಖ ಮಾಡಿರುತ್ತಿದ್ದ. ಹೇಗೆ ಎದ್ದ ಎಂದು ಯುವಕನಿಗೆ ಒಮ್ಮೆಯೂ ಕಾಣಲಿಲ್ಲ. ಅಷ್ಟು ವೇಗ ಎಂದುಕೊಂಡ.

ಅದನ್ನು ಮಾಡಲು ಹೋಗಿ ಅವನು ಬಿದ್ದ. ಬೆನ್ನಿನ ಮೇಲೆ ಬಿದ್ದ, ಮೊಣಕೈ ಮೇಲೆ ಬಿದ್ದ, ಒಮ್ಮೆ ತಲೆಯ ಹಿಂಭಾಗ ನೆಲಕ್ಕೆ ಬಡಿದು ಎರಡು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅವನ ತಾಯಿ ಅರಿಸಿನ ಹಚ್ಚಿ ಹಚ್ಚಿ ಸಾಕಾದಳು.

"ದಿನಾ ಹಿಂಗೆ ಬಿದ್ದು ಬರ್ತೀಯಲ್ಲೋ, ಅದು ಮನುಷ್ಯರಿಂದ ಆಗೋ ಕೆಲಸನೇನೋ?" ಎಂದು ಅವಳು ಕೇಳಿದಳು.

"ಅವನಿಂದ ಆಗುತ್ತಲ್ಲವ್ವ. ಅವನೂ ಮನುಷ್ಯನೇ ಅಲ್ವಾ?" ಎಂದ ಯುವಕ.

ತಾಯಿ ಅರಿಸಿನದ ಬಟ್ಟಲು ಕೆಳಗಿಟ್ಟಳು. ನೆಲಕ್ಕೆ ಹಳೆಯ ಗೋಣಿಚೀಲ ಹಾಸಿಕೋ ಎಂದಳು. ಅವನು ಹಾಸಿಕೊಂಡ. ಮತ್ತೆ ಬಿದ್ದ. ವರ್ಷಗಳು ಕಳೆದವು. ತೊಡೆ ಗಟ್ಟಿಯಾಯಿತು, ಹೊಟ್ಟೆ ಗಟ್ಟಿಯಾಯಿತು, ಹಿಮ್ಮಡಿ ಕಲ್ಲಾಯಿತು. ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಅವನು ಹಿಂದಕ್ಕೆ ಬಿದ್ದ. ನೆಲ ಮುಟ್ಟಲಿಲ್ಲ. ನಿಂತ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬಂತು. ಎದ್ದು ತಿರುಗಿದ. ಗೋಧಿ ಬೀಸಿಸಲು ಬಂದಿದ್ದ ಒಬ್ಬ ಮುದುಕಿ ಮಾತ್ರ ಅದನ್ನು ನೋಡಿದಳು. ಅವಳಿಗೆ ಏನೂ ಅರ್ಥವಾಗಲಿಲ್ಲ. ಯುವಕ ಅವಳ ಕಾಲಿಗೆ ಬಿದ್ದು, ಗಳಗಳ ಅತ್ತುಬಿಟ್ಟ. ಇವತ್ತು ಬೀಸುವುದಿಲ್ಲವೇನೋ ಎಂದುಕೊಂಡು ಅವಳು ಚೀಲ ಎತ್ತಿಕೊಂಡು ಹೊರಟೇ ಹೋದಳು.

ಆ ದಿನಗಳಲ್ಲಿ ಅವನಿಗೊಂದು ಕನಸಿತ್ತು. ಆ ಟವೆಲಿನವನು ಎಂದಾದರೂ ಎದುರಾದರೆ ಓಡಿಹೋಗಿ ಕಾಲು ಹಿಡಿಯಬೇಕು. ನಿಮ್ಮ ಹೆಸರು ಗೊತ್ತಿಲ್ಲದೆ ನಿಮ್ಮ ಶಿಷ್ಯನಾದೆ ಎಂದು ಹೇಳಬೇಕು.

ಮುಂದೆ ಅವನು ನಾಲ್ಕು ಜನರ ಮುಂದೆ ಕುಣಿದ. ಗುರುವಿನ ಹಾಗೆಯೇ ಇರಲಿ ಎಂದು ಮುಖಕ್ಕೆ ಟವೆಲು ಕಟ್ಟಿದ. ಜನ ಬೆರಗಾದರು. ಅವನು ಬೀಳುವ ಮುನ್ನ ನಿಂತಾಗ ಹೆಂಗಸರು ಅಯ್ಯೋ ಎಂದು ಕೂಗಿದರು. ಊರಿನವರು ಅದಕ್ಕೆ ಗಿರಣಿ ನಿಲುವು ಎಂದು ಹೆಸರಿಟ್ಟರು. ಸುತ್ತಲಿನ ಊರುಗಳಿಂದ ಕಲಿಯುವವರು ಬಂದರು. ಗಿರಣಿಯ ಪಕ್ಕದ ಕೊಟ್ಟಿಗೆಯಲ್ಲಿ ಅವನೊಂದು ಶಾಲೆ ಶುರುಮಾಡಿದ.

ಮೊದಮೊದಲು ಯಾರಾದರೂ ಹೊಗಳಿದರೆ, ಇದು ನನ್ನದಲ್ಲ, ಒಬ್ಬ ಟವೆಲಿನವನದು ಎನ್ನುತ್ತಿದ್ದ. ಆಮೇಲೆ, ಯಾವ ಟವೆಲಿನವನು, ಎಲ್ಲಿಯವನು ಎಂದು ಜನ ಕೇಳಿದಾಗ ಹೇಳಲು ಅವನ ಬಳಿ ಹೆಸರಿರಲಿಲ್ಲ. ವಿವರಿಸಿ ವಿವರಿಸಿ ಬೇಸರವಾಯಿತು. ಹೇಳುವುದನ್ನು ಕಡಿಮೆ ಮಾಡಿದ. ಕೊನೆಗೆ ಒಬ್ಬರು, ಇದೆಲ್ಲ ನಿಮ್ಮದೇ ತಾನೇ ಎಂದು ಕೇಳಿದರು. ಅವನು ನಕ್ಕ. ಅಷ್ಟೆ. ಅವನು ಸುಳ್ಳು ಹೇಳಲಿಲ್ಲ. ಸುಳ್ಳು ಮಾಡಬೇಕಾದ ಕೆಲಸವನ್ನು ಆ ನಗುವೇ ಮಾಡಿ ಮುಗಿಸಿತು.

ಅಷ್ಟರಲ್ಲಿ ಆ ಊರಿನ ಸಂತೆ ಮೈದಾನದಲ್ಲೂ, ಸಂತೆಯಿಲ್ಲದ ದಿನ, ನರ್ತಕರು ವೃತ್ತ ಕಟ್ಟತೊಡಗಿದ್ದರು. ವೃತ್ತ ಗೊತ್ತಲ್ಲ. ಸುತ್ತ ಎಲ್ಲರೂ ನಿಲ್ಲಬೇಕು, ನಡುವೆ ಒಬ್ಬರು ಇಳಿಯಬೇಕು. ಒಬ್ಬರು ಕುಣಿಯುವಾಗ ಇನ್ನೊಬ್ಬರು ಅಡ್ಡ ಬರಬಾರದು. ಅಲ್ಲಿ ಬಹುಮಾನವಿಲ್ಲ. ಮರ್ಯಾದೆಯೊಂದೇ ಸಿಗುವುದು, ಹೋಗುವುದೂ ಅದೇ. ಅದಕ್ಕೇ ಅಲ್ಲಿ ಕಚ್ಚುವ ಸನ್ನೆಗೆ ಅಷ್ಟು ಬೆಲೆ. ಆ ಸನ್ನೆ ಸುತ್ತಲೂ ಎದ್ದರೆ, ಇಳಿದವನು ತಲೆ ತಗ್ಗಿಸಿ ಹೊರಗೆ ನಡೆಯಬೇಕು. ವೃತ್ತ ನಡೆಸುತ್ತಿದ್ದವಳು ಬೇರೆ ಊರಿನಿಂದ ಬರುತ್ತಿದ್ದ ಒಬ್ಬ ಹಿರಿಯ ನರ್ತಕಿ. ಅವಳ ಮಾತಿಗೆ ಎದುರು ಮಾತಿರಲಿಲ್ಲ.

ಒಂದು ದಿನ ಹಾಗೆ ವೃತ್ತ ನಡೆಯುತ್ತಿದ್ದಾಗ ಆಟೋದಲ್ಲಿ ಅಂಗಡಿಗಳಿಗೆ ಮಂಡಕ್ಕಿ ಚೀಲ ಇಳಿಸಲು ಬಂದಿದ್ದ ಒಬ್ಬ ಅಪರಿಚಿತ, ಹಾಡು ಕೇಳಿ ಮೈದಾನದ ಕಡೆ ಬಂದ. ನಡು ವಯಸ್ಸು ದಾಟಿದವನು. ಗಡ್ಡ ಅಲ್ಲಲ್ಲಿ ನರೆತಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದ. ಅವನ ಕಾಲು ಸುಮ್ಮನಿರಲಿಲ್ಲ. ನಾನೂ ಒಂದು ಸಲ ಇಳಿಯಲೇ ಎಂದು ಕೇಳಿದ. ಹಿರಿಯಳು ಕೈ ಮಾಡಿ ಕರೆದಳು. ಅವನು ಚಪ್ಪಲಿ ಬಿಟ್ಟು ನಡುವೆ ಬಂದು ಕುಣಿಯತೊಡಗಿದ.

ಯುವಕ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ. ಮೊದಲ ತಾಳಕ್ಕೇ ಅವನ ಕೈ ಬಿಚ್ಚಿಕೊಂಡಿತು. ಮುಖದ ಗುರುತು ಅವನಿಗಿಲ್ಲ, ಮುಖವನ್ನು ಅವನು ಎಂದೂ ನೋಡಿರಲಿಲ್ಲ. ಅವನಿಗೆ ಗುರುತಾದದ್ದು ಭುಜ. ತಿರುಗುವ ಮುನ್ನ ಅದು ಒಂದು ಚೂರು ಇಳಿಯಿತು. ಗಿರಣಿಯಲ್ಲಿ ಫೋನಿನ ಮುಂದೆ ನಿಂತಾಗ ಹೇಗೆ ಕಾಣುತ್ತಿತ್ತೋ ಹಾಗೆಯೇ ಈಗ ಎದುರಿಗೆ ಕಂಡಿತು. ಬಂದವನು ಅವನೇ, ಅನುಮಾನವೇ ಇರಲಿಲ್ಲ.

ಓಡಿಹೋಗಿ ಕಾಲು ಹಿಡಿಯಬೇಕು ಎಂದಿದ್ದವನು ಓಡಲಿಲ್ಲ.  ಇವನೇಕೆ ಬಂದ ಎಂದುಕೊಂಡ. ಇವನು ಬೇಗ ಹೊರಟುಹೋದರೆ ಸಾಕು ಎಂದುಕೊಂಡ. ಅದನ್ನು ಅಂದುಕೊಂಡವನು ತಾನೇ ಎಂದು ತಿಳಿದು ಅವನಿಗೆ ಹೇಸಿಗೆಯೂ ಆಯಿತು. ಆದರೂ ಕಾಲು ನೆಲ ಬಿಟ್ಟು ಕದಲಲಿಲ್ಲ.

ಅಪರಿಚಿತ ಕುಣಿಯುತ್ತ ಕುಣಿಯುತ್ತ ಆ ಜಾಗಕ್ಕೆ ಬಂದ. ಹಿಂದಕ್ಕೆ ಬಿದ್ದ. ಎಲ್ಲರಂತೆ ಕೈ ಊರಿದ, ನೆಲದ ಮೇಲೆ ಒಂದು ಸುತ್ತು ಹೊರಳಿದ, ಎದ್ದ. ನಿಲ್ಲಲೇ ಇಲ್ಲ.

ಸುತ್ತ ನಿಂತಿದ್ದವರಲ್ಲಿ ಹೆಚ್ಚಿನವರು ಯುವಕನ ಶಿಷ್ಯರು. ಮೊದಲ ಹೆಜ್ಜೆಯಿಂದಲೇ ಅವರಿಗೆ ಕೋಪ ಬಂದಿತ್ತು. ನಮ್ಮ ಗುರುವಿನ ಕುಣಿತವನ್ನು ಇವನಾರೋ ಎತ್ತಿಕೊಂಡು ಬಂದಿದ್ದಾನೆ ಎಂದುಕೊಂಡಿದ್ದರು. ಈಗ ಕೋಪದ ಜೊತೆಗೆ ನಗುವೂ ಬಂತು. ಕದ್ದದ್ದೂ ಅರ್ಧ, ನಿಲುವು ಬರಲಿಲ್ಲ ಎಂದು ಒಬ್ಬ ಕೂಗಿದ. ಮುಂಗೈಗಳು ಮೇಲೆದ್ದವು. ಪಟ್ ಪಟ್ ಎಂದು ಸುತ್ತಲೂ ಬಡಿದವು.

ಅಪರಿಚಿತನಿಗೆ ಆ ಸನ್ನೆ ಗೊತ್ತಿತ್ತು. ಅವನ ಮುಖ ಕಪ್ಪಿಟ್ಟಿತು. ಹಿರಿಯಳ ಕಡೆ ತಿರುಗಿದ.

"ಯಾರದ್ದು ಕದ್ದೆ ಅಂತ ಹೇಳಿ ತಾಯಿ. ಗೊತ್ತಾಗ್ಲಿ," ಎಂದ.

ಅವಳು ಯುವಕನನ್ನು ತೋರಿಸಿದಳು. ಅಪರಿಚಿತ ಅವನನ್ನು ಮೇಲಿಂದ ಕೆಳಗೆ ನೋಡಿದ. ನೀನು ಕುಣಿದು ತೋರಿಸಪ್ಪ, ನೋಡುತ್ತೇನೆ ಎಂದ. ಅದರಲ್ಲಿ ಸವಾಲು ಇರಲಿಲ್ಲ. ನಿಜವಾಗಿಯೂ ನೋಡಬೇಕೆಂದೇ ಕೇಳಿದ್ದ.

ಯುವಕ ಟವೆಲು ಕಟ್ಟಿಕೊಂಡು ನಡುವೆ ಬಂದ. ತನ್ನ ಗುರುವಿನ ಮುಂದೆ ಅವನು ಮೊದಲ ಸಲ ಕುಣಿದದ್ದು ಹೀಗೆ, ಕಳ್ಳನ ಹಾಗೆ ಮುಖ ಮುಚ್ಚಿಕೊಂಡು. ಮಣಿಕಟ್ಟು, ಕತ್ತು, ಭುಜ ಎಲ್ಲವೂ ಬಂದವು. ಹಿಂದಕ್ಕೆ ಬಿದ್ದ. ನಿಂತ. ಒಂದು ಉಸಿರು ಹಾಗೇ ಇದ್ದ. ಎದ್ದು ತಿರುಗಿದ. ಮೈದಾನ ಕೇಕೆ ಹಾಕಿತು.

ಅಪರಿಚಿತ ಕೇಕೆ ಹಾಕಲಿಲ್ಲ. ಅವನ ಬಾಯಿ ತೆರೆದೇ ಇತ್ತು. ಆಮೇಲೆ ನಿಧಾನವಾಗಿ ಹೇಳಿದ. ಇದು ನನಗೆ ಬರುವುದಿಲ್ಲ. ನಾನು ಎಲ್ಲೂ ಇಂಥದ್ದನ್ನು ನೋಡಿಲ್ಲ. ಇವನು ನನಗಿಂತ ದೊಡ್ಡವನು. ಕುಣಿತ ಇವನದೇ ಎಂದು ನೀವು ಹೇಳಿದರೆ ನಾನು ಇಲ್ಲ ಎನ್ನಲಾರೆ.

ಹಾಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡ. ತಲೆ ತಗ್ಗಿಸಿ ವೃತ್ತದಿಂದ ಹೊರಗೆ ನಡೆದ. ಜನ ದಾರಿ ಬಿಟ್ಟರು.

ನೋಡು, ಯುವಕನಿಗೆ ಇನ್ನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಕುಣಿತದ ಒಡೆಯನೇ ಬಂದು, ಎಲ್ಲರ ಮುಂದೆ, ಇದು ನಿನ್ನದು ಎಂದು ಕೊಟ್ಟು ಹೋಗುತ್ತಿದ್ದ. ಅಂಥ ಅದೃಷ್ಟ ಯಾವ ಕಳ್ಳನಿಗೆ ಉಂಟು? ಅವನ ಶಿಷ್ಯರು ಅವನ ಹೆಗಲು ತಟ್ಟುತ್ತಿದ್ದರು. ಅಪರಿಚಿತ ಮೈದಾನ ದಾಟಿದ. ಆಟೋದ ಹತ್ತಿರ ಹೋದ. ಖಾಲಿ ಚೀಲಗಳನ್ನು ಮಡಿಚಿ ಒಳಗೆ ಹಾಕತೊಡಗಿದ. ಆಗ ಅವನ ಭುಜ ಮತ್ತೆ ಒಂದು ಚೂರು ಇಳಿಯಿತು.

ಯುವಕನಿಗೆ ತಡೆಯಲಾಗಲಿಲ್ಲ. ಓಡಿದ. ಓಡುತ್ತಲೇ ಟವೆಲು ಕಿತ್ತೆಸೆದ. ಆಟೋದ ಮುಂದೆ ಅಡ್ಡ ಬಿದ್ದು ಅವನ ಕಾಲು ಹಿಡಿದುಕೊಂಡ. ಹಿಂದೆಯೇ ಜನ ಓಡಿ ಬಂದರು. ಯುವಕ ಎಲ್ಲರಿಗೂ ಕೇಳುವಂತೆ ಹೇಳಿದ. ಕದ್ದವನು ನಾನು. ಇವರ ಕುಣಿತ ನೋಡಿ ನೋಡಿ ಕಲಿತೆ. ನಿಮ್ಮದೇನಾ ಎಂದು ಕೇಳಿದಾಗ ಸುಮ್ಮನೆ ನಕ್ಕೆ. ಇವತ್ತು ಇವರು ಬಂದಾಗಲೂ ಸುಮ್ಮನೆ ನಿಂತೆ. ಆ ನಿಲುವೂ ನನ್ನದಲ್ಲ, ಇವರದೇ. ಯಾಕೆ ಮಾಡಿ ತೋರಿಸಲಿಲ್ಲವೋ ನನಗೆ ಗೊತ್ತಿಲ್ಲ.

ಅಪರಿಚಿತ ಅವನನ್ನು ಎಬ್ಬಿಸಿದ. ನಿಲುವು ನನ್ನದಲ್ಲ ಎಂದ. ಯುವಕ ಕೇಳಲಿಲ್ಲ, ನಿಮ್ಮದೇ ಎಂದು ಹಟ ಹಿಡಿದ. ಹಳೆಯ ಮೆಮೊರಿ ಕಾರ್ಡನ್ನು ಅವನು ಫೋನಿನಿಂದ ಎಂದೂ ತೆಗೆದಿರಲಿಲ್ಲ. ವಿಡಿಯೋ ಹಾಕಿ ಅವನ ಕೈಗೆ ಕೊಟ್ಟ.

ಅಪರಿಚಿತ ನೋಡಿದ. ಅವನು ಕೆಲಸ ಮಾಡುವ ಮಂಡಕ್ಕಿ ಭಟ್ಟಿ, ಅದರ ಮಸಿ ಹಿಡಿದ ಗೋಡೆ. ಯಾವ ಕಾಲದಲ್ಲೋ ಒಬ್ಬ ಗೆಳೆಯ ಆಟಕ್ಕೆಂದು ತೆಗೆದದ್ದು. ಅದು ಊರೂರು ಸುತ್ತಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ನೋಡುತ್ತ ಹೋದಂತೆ ಅವನ ಮುಖ ಅರಳಿತು. ಬೀಳುವ ಜಾಗ ಬಂತು. ಚಿತ್ರ ನಿಂತಿತು, ಹಾಡು ಹೋಗುತ್ತಲೇ ಇತ್ತು. ಆಮೇಲೆ ಚಿತ್ರ ಹಾರಿ ಅವನು ಎದ್ದು ನಿಂತದ್ದು ಬಂತು. ಅಪರಿಚಿತ ಇನ್ನೊಮ್ಮೆ ನೋಡಿದ. ಆಟೋಗೆ ಒರಗಿ ನಗತೊಡಗಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಯ್ಯೋ ಮಾರಾಯ, ವಿಡಿಯೋ ಕೆಟ್ಟಿದೆ ಕಣೋ ಇದು! ನಾನು ಅಲ್ಲಿ ಕೈ ಊರಿ ಹೊರಳಿದೀನಿ. ಅದೇ ಹಾರಿ ಹೋಗಿದೆ. ನಿಲ್ಲೋದಾ? ನನ್ನಪ್ಪನಾಣೆಗೂ ನಾನಲ್ಲಿ ನಿಂತಿಲ್ಲ," ಎಂದ.

ಯುವಕ ನೆಲದ ಮೇಲೆ ಕುಳಿತುಬಿಟ್ಟ. ಅಂಗಡಿಯವನು ಕಾರ್ಡಿಗೆ ತುಂಬುವಾಗ ಎಲ್ಲೋ ಚೂರು ತಪ್ಪಿ ಹೋಗಿತ್ತು. ಅದನ್ನು ಅವನು ಹೆಜ್ಜೆ ಎಂದು ನಂಬಿದ್ದ. ಅದಕ್ಕಾಗಿ ಮೈಯೆಲ್ಲ ಹಣ್ಣಾಗುವಂತೆ ಬಿದ್ದಿದ್ದ. ಯಾರೂ ಮಾಡದ್ದನ್ನು, ಒಬ್ಬ ಮಾಡಿದ್ದಾನೆ ಎಂಬ ಒಂದೇ ಧೈರ್ಯದಿಂದ ಮಾಡಿಬಿಟ್ಟಿದ್ದ. ಇನ್ನೊಬ್ಬನದೆಲ್ಲವನ್ನೂ ತನ್ನದೆಂದು ನಕ್ಕು ಇಟ್ಟುಕೊಂಡಿದ್ದ ಅವನು, ತನ್ನದೊಂದೇ ಒಂದನ್ನು ಈಗತಾನೇ ಇನ್ನೊಬ್ಬನಿಗೆ ಕೊಟ್ಟುಬಿಟ್ಟಿದ್ದ.

"ಮತ್ತೆ ಟವೆಲು?" ಎಂದು ಕೇಳಿದ ಯುವಕ. ಕೇಳಲು ಅವನಿಗೆ ಬೇರೆ ಮಾತು ಸಿಗಲಿಲ್ಲ.

"ಭಟ್ಟಿ ಹೊಗೆಗೆ ಕಟ್ಕೊಂಡಿದ್ದೆ ಕಣಪ್ಪ, ಇನ್ಯಾಕೆ?"

ಹಿರಿಯಳು ಎಲ್ಲವನ್ನೂ ಕೇಳಿದಳು. ವೃತ್ತದ ನಿಯಮವನ್ನು ಅವಳು ಸಡಿಲಿಸಲಿಲ್ಲ. ಅಪರಿಚಿತನನ್ನು ವೃತ್ತಕ್ಕೆ ಕರೆದು ಕ್ಷಮೆ ಕೇಳಿದಳು. ಯುವಕನನ್ನು ಹೊರಗೆ ನಿಲ್ಲಿಸಿದಳು. ಈಗ ಅವನಿಗೆ ಮುಂಗೈ ಬಡಿದವರಲ್ಲಿ ಅವನ ಶಿಷ್ಯರೂ ಇದ್ದರು. ಮರುದಿನ ಶಾಲೆಗೆ ಬಂದವರು ಬೆರಳೆಣಿಕೆಯವರು. ಗಿರಣಿಗೆ ಹಿಟ್ಟು ಬೀಸಿಸಲು ಬಂದವರೂ, ಇದು ನಿಮ್ಮದೇ ಜೋಳ ತಾನೇ, ಬೇರೆಯವರದ್ದಲ್ಲವಲ್ಲ ಎಂದು ಚುಚ್ಚಿದರು. ಅವನು ತಲೆ ತಗ್ಗಿಸಿ ಬೀಸಿಕೊಟ್ಟ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಆದರೆ ಮುಂದಿನ ಸಲ ಮಂಡಕ್ಕಿ ಇಳಿಸಲು ಬಂದಾಗ ಅಪರಿಚಿತ ನೆಟ್ಟಗೆ ಗಿರಣಿಗೆ ಹೋದ. ಆ ನಿಲುವು ನನಗೆ ಕಲಿಸು ಎಂದ. ಯುವಕ ಗಾಬರಿಯಾದ. ಗುರುವಿಗೆ ಕಲಿಸುವುದು ಹೇಗೆ ಎಂದ. ಗುರು ಗಿರು ಆಮೇಲೆ, ಮೊದಲು ಗೋಣಿಚೀಲ ಹಾಸು ಎಂದ ಅಪರಿಚಿತ. ಅವನು ಬಿದ್ದ. ಮತ್ತೆ ಬಿದ್ದ. ಅವನಿಗೆ ಅದು ಕೊನೆಗೂ ಬರಲಿಲ್ಲ. ಬಿದ್ದಾಗಲೆಲ್ಲ ಇಬ್ಬರೂ ನಕ್ಕರು. ಯುವಕ ಅಷ್ಟು ವರ್ಷ ಬಿದ್ದಿದ್ದ, ಬಿದ್ದು ನಕ್ಕದ್ದು ಅದೇ ಮೊದಲು.

ಮಾಸ್ಟರು ಕತೆ ನಿಲ್ಲಿಸಿದರು. ನೆಲ ಆರಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿದರು. ಹೊರಗೆ ಉಳಿದ ಶಿಷ್ಯರು ಒಬ್ಬೊಬ್ಬರಾಗಿ ಬಂದು ಚಪ್ಪಲಿ ಬಿಡುತ್ತಿದ್ದರು.

ಪಾಲಾಕ್ಷನ ಮುಖ ಹಗುರಾಗಿತ್ತು. ತನಗೆ ಬೇಕಾದ ಉತ್ತರ ಸಿಕ್ಕಿತು ಎಂದುಕೊಂಡಿದ್ದ.

"ಹಂಗಾದ್ರೆ ನೋಡಿ ಕಲಿಯೋದು ತಪ್ಪಲ್ಲ ಅಂತಾಯ್ತು. ನಂದು ಕಳ್ತನ ಅಲ್ಲ, ಅಲ್ವಾ ಮಾಸ್ಟ್ರೇ?" ಎಂದ.

ಮಾಸ್ಟರು ಅವನ ಮುಖವನ್ನೇ ನೋಡಿದರು.

"ಭಾನುವಾರ ನೀನು ಕುಣೀತಿರುವಾಗ ನಿನ್ನ ಆ ನರ್ತಕನೇ ಬಂದು ವೃತ್ತದ ಅಂಚಿಗೆ ನಿಂತ್ರೆ, ನಿನ್ನ ಕಾಲು ಓಡೋದು ಅವನ ಕಡೆಗೋ, ಅವನನ್ನ ಬಿಟ್ಟು ಬೇರೆ ಕಡೆಗೋ?"

ಪಾಲಾಕ್ಷ ತಲೆ ಬಗ್ಗಿಸಿ ತನ್ನ ಕಾಲುಗಳನ್ನೇ ನೋಡಿಕೊಂಡ.